ಮಾರಿಸ್ ಜಲವ್ಯೂಹ

ಇಲಿಗಳ ಸ್ಥಳಸ್ಮೃತಿಯನ್ನು ಅಳೆಯುವ ವರ್ತನಾ ಪರೀಕ್ಷೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಮಾರಿಸ್ ಇದನ್ನು ದೊಡ್ಡ ಜಾತಿಯ ಇಲಿಗಳಿಗೆಂದು ರೂಪಿಸಿ 1981ರಲ್ಲಿ ಪ್ರಕಟಿಸಿದರು. ಚಿಟ್ಟಿಲಿಗಳಿಗೆ ಒಗ್ಗಿಸಿದ್ದು ಆಮೇಲೆ.

ದುಂಡನೆಯ ತೊಟ್ಟಿಯ ನೀರಿಗೆ ಹಾಲಿನ ಪುಡಿಯನ್ನೋ ವಿಷವಲ್ಲದ ಬಿಳಿ ಬಣ್ಣವನ್ನೋ ಬೆರೆಸುತ್ತಾರೆ. ಮೇಲ್ಮೈಯಿಂದ ಸುಮಾರು 1 ಸೆಂ.ಮೀ. ಕೆಳಗೆ ಅಡಗಿರುವ ಪುಟ್ಟ ವೇದಿಕೆಯನ್ನು ಇಲಿ ಈಜಿ ಹುಡುಕಬೇಕು. ವೇದಿಕೆ ಕಾಣದ್ದರಿಂದ ಕೋಣೆಯ ಗೋಡೆಯ ಮೇಲಿನ ಗುರುತುಗಳಿಂದಲೇ ಅದು ಜಾಗವನ್ನು ಕಲಿಯುತ್ತದೆ. ನಿರ್ಣಾಯಕವಾದದ್ದು ಕೊನೆಯ ಹಂತ: ವೇದಿಕೆಯನ್ನು ತೆಗೆದು, ಸಾಮಾನ್ಯವಾಗಿ 60 ಸೆಕೆಂಡು ಈಜಲು ಬಿಟ್ಟು, ಅದು ಮೊದಲಿದ್ದ ಕಾಲುಭಾಗದಲ್ಲಿ ಇಲಿ ಎಷ್ಟು ಹೊತ್ತು ಸುಳಿದಾಡುತ್ತದೆಂದು ಅಳೆಯುತ್ತಾರೆ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಹಾನಿಗೊಂಡ ಇಲಿಗಳು ಅಡಗಿದ ವೇದಿಕೆಯ ಜಾಗವನ್ನು ಕಲಿಯಲು ತೀರಾ ಕಷ್ಟಪಡುತ್ತವೆ, ಆದರೆ ಕಣ್ಣಿಗೆ ಕಾಣುವ ವೇದಿಕೆಯನ್ನು ತಲುಪಬಲ್ಲವು ಎಂದು 1982ರಲ್ಲಿ ತೋರಿಸಿದ್ದು ಈ ವಿಧಾನದ ಬಹುದೊಡ್ಡ ಕೊಡುಗೆ.

ಚಿಟ್ಟಿಲಿಗಳ ಫಲಿತಾಂಶವನ್ನು ಮಾತ್ರ ಎಚ್ಚರದಿಂದ ಓದಬೇಕು. ಕೆಲವು ಈಜದೆ ಸುಮ್ಮನೆ ತೇಲುತ್ತವೆ. ಸಿ3ಎಚ್‌ನಂಥ ತಳಿಗಳಲ್ಲಿ ಹುಟ್ಟಿದ ಕೆಲವೇ ವಾರಗಳಲ್ಲಿ ರೆಟಿನಾ ಕ್ಷೀಣಿಸುತ್ತದೆ. ಕುರುಡನ್ನು ಮರೆವೆಂದು ಎಣಿಸದಿರಲು ಕಾಣುವ ವೇದಿಕೆಯ ಪರೀಕ್ಷೆಯನ್ನು ಕಡ್ಡಾಯವಾಗಿ ನಡೆಸಬೇಕು. ಈಜಿನ ಒತ್ತಡ ಬೇಡವಾದಲ್ಲಿ, ಕ್ಯಾರಲ್ ಬಾರ್ನ್ಸ್ 1979ರಲ್ಲಿ ಪ್ರಕಟಿಸಿದ, ನೀರಿಲ್ಲದ ಬಾರ್ನ್ಸ್ ವ್ಯೂಹವನ್ನು ಬಳಸುತ್ತಾರೆ.