ಮನೆಯ ಗಣಕದಲ್ಲೊಂದು ದಫ್ತರಖಾನೆ: ಕಡತಗಳನ್ನು ಜೋಡಿಸಿಡುವ ಕ್ರಮ

ಕೆಲವು ವರ್ಷಗಳ ಹಿಂದಿನ ಮಾತು. ಇಂಗ್ಲೆಂಡಿನಲ್ಲಿ ನಾವು ರಾತ್ರಿಯೂಟ ಮುಗಿಸಿ ಏಳುವ ಹೊತ್ತಿಗೆ ಮೈಸೂರಿನಿಂದ ತಮ್ಮನ ಕರೆ ಬಂತು. ಅಲ್ಲಿ ನಡುರಾತ್ರಿ ಕಳೆದಿತ್ತು. ಎದೆನೋವೆಂದು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದರು. ಇಸಿಜಿಯಲ್ಲಿ ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ ಎಂಬ ದೋಷ ಕಂಡಿತ್ತು. ಅದು ಹಳೆಯದಾಗಿದ್ದರೆ ಒಂದು ದಾರಿ, ಹೊಸದಾಗಿದ್ದರೆ ಇನ್ನೊಂದು. ತಿಳಿಯಲು ಹಿಂದಿನ ಇಸಿಜಿ ಬೇಕು. ಅದನ್ನು ನಾನೇ ಸ್ಕ್ಯಾನ್ ಮಾಡಿ ನನ್ನ ಗಣಕಯಂತ್ರದಲ್ಲಿ ಇಟ್ಟಿದ್ದೆ. ಎಲ್ಲಿ ಎಂಬುದು ಮಾತ್ರ ನೆನಪಿರಲಿಲ್ಲ. 'ಸ್ಕ್ಯಾನ್ 0017', 'ಸ್ಕ್ಯಾನ್ 0018', 'ಹೊಸ ಫೋಲ್ಡರ್ 3' ಎಂಬಂಥ ಹೆಸರುಗಳ ನಡುವೆ ಒಂದೊಂದನ್ನೇ ತೆರೆದು ನೋಡುತ್ತ ಕುಳಿತೆ. "ಅಣ್ಣಾ, ಡಾಕ್ಟರು ಮತ್ತೆ ಕೇಳ್ತಿದಾರೆ, ಸಿಕ್ತಾ?" ಎಂದು ತಮ್ಮ ಮೂರು ಬಾರಿ ಕೇಳಿದ. ಸಿಕ್ಕಿದ್ದು 40 ನಿಮಿಷಗಳ ಮೇಲೆ. ದೋಷ ಹಳೆಯದೇ ಆಗಿತ್ತು. ಅಪ್ಪ ನಾಲ್ಕನೆಯ ದಿನ ಮನೆಗೆ ಬಂದರು. ಆದರೆ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ನಾಚಿಕೆ ನನ್ನಲ್ಲಿ ಉಳಿಯಿತು. ಆ ನಂತರ ನಾನು ರೂಢಿಸಿಕೊಂಡ ಕ್ರಮವನ್ನು, ಗಣಕಕ್ಕೆ ಹೊಸಬರಾದ ಓದುಗರಿಗೆಂದು ಇಲ್ಲಿ ವಿವರಿಸುತ್ತಿದ್ದೇನೆ.

ಕಡತ ಮತ್ತು ಫೋಲ್ಡರ್

'ಫೈಲ್' ಎಂಬುದಕ್ಕೆ ನಾವು ಬಳಸುವ 'ಕಡತ' ಹಳೆಯ ಪದ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಗಣಕದಲ್ಲಿ ಕಡತವೆಂದರೆ ಒಂದು ಹೆಸರಿನಡಿ ಉಳಿಸಿದ ಮಾಹಿತಿ: ಒಂದು ಪತ್ರ, ಒಂದು ಛಾಯಾಚಿತ್ರ, ಒಂದು ಹಾಡು. ಕಡತಗಳನ್ನು ಇಡುವ ಚೀಲವೇ ಫೋಲ್ಡರ್. ಒಂದು ಫೋಲ್ಡರಿನೊಳಗೆ ಮತ್ತೊಂದನ್ನು ಇಡಬಹುದು.

ಈ ಸೌಲಭ್ಯ ಮೊದಲಿನಿಂದಲೂ ಇದ್ದುದಲ್ಲ. 1981ರಲ್ಲಿ ಬಂದ ಎಂಎಸ್-ಡಾಸ್‌ನ ಮೊದಲ ಆವೃತ್ತಿಯಲ್ಲಿ ಒಳಫೋಲ್ಡರುಗಳಿಗೆ ಅವಕಾಶವಿರಲಿಲ್ಲ. 1983ರ ಎರಡನೆಯ ಆವೃತ್ತಿಯಲ್ಲಿ ಅದು ದೊರೆಯಿತು. ಕಡತದ ಹೆಸರಿಗೆ 8 ಅಕ್ಷರ, ಚುಕ್ಕೆಯ ನಂತರ 3 ಅಕ್ಷರ ಎಂಬ ಮಿತಿ ವಿಂಡೋಸ್ 95 ಬರುವವರೆಗೂ ಸಾಮಾನ್ಯ ಬಳಕೆದಾರರನ್ನು ಕಾಡಿತು. ಇಂದು ಹೆಸರು ಉದ್ದವಾಗಿರಬಹುದು, ಕನ್ನಡದಲ್ಲೂ ಇರಬಹುದು. ಅದರ ಉಪಯೋಗ ಪಡೆಯುವವರು ಮಾತ್ರ ಕಡಿಮೆ.

ಯಾವುದನ್ನು ಎಲ್ಲಿಡಬೇಕು?

ವೈದ್ಯಕೀಯ ಇತಿಹಾಸದ ಒಂದು ಪ್ರಸಂಗ ಇಲ್ಲಿ ನೆರವಾಗುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಪ್ರತಿ ವೈದ್ಯರೂ ತಮ್ಮ ತಮ್ಮ ಪುಸ್ತಕದಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಹಾಗಾಗಿ ಒಬ್ಬನೇ ರೋಗಿಯ ವಿವರ ಹಲವು ಕಡೆ ಚದುರಿರುತ್ತಿತ್ತು. 1907ರಲ್ಲಿ ಡಾ. ಹೆನ್ರಿ ಪ್ಲಮ್ಮರ್ ಪ್ರತಿ ರೋಗಿಗೂ ಒಂದು ಸಂಖ್ಯೆ ಕೊಟ್ಟು, ಅವರಿಗೆ ಸಂಬಂಧಿಸಿದ ಕಾಗದಗಳೆಲ್ಲ ಒಂದೇ ಕಡೆ ಸೇರುವಂತೆ ಮಾಡಿದರು. ಕಾಗದವನ್ನು ಬರೆದವರು ಯಾರು ಎಂಬುದರ ಬದಲು ಅದು ಯಾರಿಗೆ ಸೇರಿದ್ದು ಎಂಬುದು ವಿಂಗಡಣೆಯ ಆಧಾರವಾಯಿತು.

ನಮ್ಮಲ್ಲಿ ಬಹುಮಂದಿ ಗಣಕದಲ್ಲಿ ಪ್ಲಮ್ಮರ್ ಪೂರ್ವದ ಕಾಲದಲ್ಲಿದ್ದೇವೆ. ಅಪ್ಪನ ರಕ್ತಪರೀಕ್ಷೆಯ ಪಿಡಿಎಫ್ 'ಡೌನ್‌ಲೋಡ್ಸ್'ನಲ್ಲಿ, ಎಕ್ಸ್-ರೇ ಚಿತ್ರ ವಾಟ್ಸ್ಆ್ಯಪ್‌ನಲ್ಲಿ, ಔಷಧಪಟ್ಟಿ ಇಮೇಲ್‌ನಲ್ಲಿ. ಇವು ಮೂರೂ 'ಅಪ್ಪ' ಎಂಬ ಒಂದೇ ಫೋಲ್ಡರಿಗೆ ಸೇರಬೇಕಾದವು. ಚಿತ್ರವೋ ಬರಹವೋ ಎಂದು ನೋಡಿ ಬೇರ್ಪಡಿಸುವ ಅಗತ್ಯವಿಲ್ಲ.

ಮೊದಲ ಹಂತದಲ್ಲಿ ಆರೇಳು ಫೋಲ್ಡರುಗಳು ಸಾಕು. ನನ್ನವು ಹೀಗಿವೆ:

01 ಕುಟುಂಬ
02 ಆರೋಗ್ಯ
03 ಹಣಕಾಸು
04 ಮನೆ ಮತ್ತು ಆಸ್ತಿ
05 ಉದ್ಯೋಗ
06 ಓದು-ಬರಹ
07 ಛಾಯಾಚಿತ್ರಗಳು

ಮುಂದಿನ ಅಂಕಿ ಅವುಗಳನ್ನು ನಮಗೆ ಬೇಕಾದ ಕ್ರಮದಲ್ಲಿ ನಿಲ್ಲಿಸುತ್ತದೆ. ಕೆಲವು ತಂತ್ರಾಂಶಗಳು 10ನ್ನು 2ಕ್ಕಿಂತ ಮೊದಲು ತೋರಿಸುವುದರಿಂದ ಸೊನ್ನೆ ಸೇರಿಸಿ 01, 02 ಎಂದೇ ಬರೆಯುವುದು ಲೇಸು. 'ಆರೋಗ್ಯ'ದೊಳಗೆ ಅಪ್ಪ, ಅಮ್ಮ, ನಾನು, ಮಕ್ಕಳು. 'ಆಸ್ತಿ'ಯೊಳಗೆ ಊರಿನ ಮನೆಯ ಖಾತಾ, ಕಂದಾಯ ರಸೀದಿ, ಕ್ರಯಪತ್ರ. ಮೂರು ಹಂತಕ್ಕಿಂತ ಆಳಕ್ಕೆ ಇಳಿಯದಿರುವುದು ಒಳ್ಳೆಯದು. ಮೂರೇ ಕಡತಗಳಿಗೆ ಐದು ಫೋಲ್ಡರು ತೆರೆಯುವುದೂ ಒಂದು ಬಗೆಯ ಅವ್ಯವಸ್ಥೆಯೇ.

ಹೆಸರಿಡುವ ಬಗೆ

ಕಡತವನ್ನು ತೆರೆಯದೆಯೇ ಒಳಗೇನಿದೆ ಎಂದು ಹೆಸರು ಹೇಳಬೇಕು. ದಿನಾಂಕ, ವ್ಯಕ್ತಿ, ವಿಷಯ, ಸ್ಥಳ ಎಂಬ ನಾಲ್ಕು ಅಂಗಗಳು ಸಾಮಾನ್ಯವಾಗಿ ಸಾಕು. 'ಸ್ಕ್ಯಾನ್ 0017' ಈಗ ನನ್ನಲ್ಲಿ '2016-11-08_ಅಪ್ಪ_ಇಸಿಜಿ_ಮೈಸೂರು' ಎಂದಿದೆ.

ದಿನಾಂಕದಲ್ಲಿ ವರ್ಷ ಮೊದಲು, ನಂತರ ತಿಂಗಳು, ಕೊನೆಗೆ ದಿನ. ಇದು ಐಎಸ್ಒ 8601 ಎಂಬ ಅಂತಾರಾಷ್ಟ್ರೀಯ ಮಾನಕದ ಕ್ರಮ. ಇದರಿಂದ ಎರಡು ಲಾಭ. ಹೆಸರಿನ ಪ್ರಕಾರ ಜೋಡಿಸಿದರೆ ಕಡತಗಳು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಎರಡನೆಯದಾಗಿ, 03-04-2024 ಎಂಬುದು ಭಾರತ ಮತ್ತು ಬ್ರಿಟನ್‌ಗಳಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ದೇಶಾಂತರದಲ್ಲಿ ಹಂಚಿಹೋದ ಕುಟುಂಬಗಳಿಗೆ ಈ ಗೊಂದಲ ಅಪಾಯಕಾರಿ. ಗಣಕ ತೋರಿಸುವ ದಿನಾಂಕವನ್ನೂ ನೆಚ್ಚಬಾರದು. ಅದು ಕಡತವನ್ನು ಉಳಿಸಿದ ಅಥವಾ ತಿದ್ದಿದ ದಿನವೇ ಹೊರತು ಪರೀಕ್ಷೆ ನಡೆದ ದಿನವಲ್ಲ.

ವಿಂಡೋಸ್‌ನಲ್ಲಿ ಓರೆಗೆರೆ, ವಿವರಣಚಿಹ್ನೆ, ಪ್ರಶ್ನಾರ್ಥಕ, ನಕ್ಷತ್ರ ಮತ್ತು ಜೋಡಿ ಉದ್ಧರಣಚಿಹ್ನೆಗಳನ್ನು ಹೆಸರಿನಲ್ಲಿ ಬಳಸುವಂತಿಲ್ಲ. ಚುಕ್ಕೆಯ ಮುಂದಿನ ಪಿಡಿಎಫ್, ಜೆಪಿಜಿ ಮೊದಲಾದ ಬಾಲವನ್ನು ಅಳಿಸಬಾರದು. ಯಾವ ತಂತ್ರಾಂಶದಿಂದ ತೆರೆಯಬೇಕೆಂದು ಗಣಕ ತಿಳಿಯುವುದು ಅದರಿಂದಲೇ. 'ಕೊನೆಯದು', 'ನಿಜವಾಗಿ ಕೊನೆಯದು' ಎಂದು ಹೆಸರಿಡುವ ಬದಲು ಆವೃತ್ತಿ 1, ಆವೃತ್ತಿ 2 ಎಂದಿಡಿ.

ಕನ್ನಡಿಗರಿಗೆ ಇನ್ನೊಂದು ಮಾತು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಬರಹ, ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅಂಥವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಇಡಿ.

ಹುಡುಕುಪೆಟ್ಟಿಗೆ ಇದೆಯಲ್ಲ?

ಇದೆ, ಉಪಯುಕ್ತವೂ ಹೌದು. ಆದರೆ ಸ್ಕ್ಯಾನ್ ಮಾಡಿದ ಹಾಳೆ ಗಣಕದ ಪಾಲಿಗೆ ಬಹುತೇಕ ಒಂದು ಚಿತ್ರ ಮಾತ್ರ. ಅದರೊಳಗಿನ ಅಕ್ಷರಗಳನ್ನು ಪ್ರತ್ಯೇಕವಾಗಿ ಗುರುತಿಸದಿದ್ದರೆ ಹುಡುಕಾಟಕ್ಕೆ ಅದು ಸಿಗದು. ನಾವು ಕೊಟ್ಟ ಹೆಸರೇ ಅಲ್ಲಿ ಆಧಾರ. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ನಿರೂಪಿಸಿದ ಐದು ಸೂತ್ರಗಳಲ್ಲಿ ಓದುಗನ ಸಮಯ ಉಳಿಸಬೇಕೆಂಬುದೂ ಒಂದು. ಮನೆಯ ಗಣಕದಲ್ಲಿ ಆ ಓದುಗ ನಾವೇ, ಅದೂ ಗಾಬರಿಯಲ್ಲಿರುವ ನಾವು.

ನಕಲು ಪ್ರತಿಗಳು

ಮುಖ್ಯ ಕಡತಗಳಿಗೆ 3-2-1 ಎಂಬ ನಿಯಮ ಪ್ರಚಲಿತವಾಗಿದೆ: ಒಟ್ಟು 3 ಪ್ರತಿ, 2 ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ 1 ಮನೆಯಿಂದ ಹೊರಗೆ. ಗಣಕದಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ಕ್ಲೌಡ್‌ನಲ್ಲೊಂದು ಇದ್ದರೆ ನಿಯಮ ಪಾಲಿಸಿದಂತೆ. ಆದರೆ ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಸಿಂಕ್ ವ್ಯವಸ್ಥೆಯಲ್ಲಿ ಒಂದೆಡೆ ಅಳಿಸಿದ್ದು ಇತರೆಡೆಗಳಲ್ಲೂ ಅಳಿಯುತ್ತದೆ. ಆದ್ದರಿಂದ ಅದೊಂದನ್ನೇ ನಂಬಬೇಡಿ. ಹೊರಗಿನ ಡಿಸ್ಕನ್ನು ಪ್ರತಿ ತೆಗೆದ ಮೇಲೆ ಕಳಚಿಡಿ. ರಾನ್ಸಮ್‌ವೇರ್ ದಾಳಿಯಾದರೆ ಗಣಕಕ್ಕೆ ಜೋಡಿಸಿದ ಡಿಸ್ಕಿಗೂ ಅದು ಹರಡಬಲ್ಲದು. ಪೆನ್‌ಡ್ರೈವ್‌ನಿಂದ ಅಳಿಸಿದ ಕಡತ ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಆರೋಗ್ಯ, ಹಣಕಾಸುಗಳ ಪ್ರತಿ ಇರುವ ಡಿಸ್ಕಿಗೆ ಗುಪ್ತಪದದ ಬೀಗ ಅಗತ್ಯ.

ಎಲ್ಲಿಂದ ಆರಂಭಿಸುವುದು?

ಹದಿನೈದು ವರ್ಷಗಳ ರಾಶಿಯನ್ನು ಒಂದೇ ದಿನ ವಿಂಗಡಿಸಲು ಹೊರಟವರು ಸಂಜೆಯೊಳಗೆ ಕೈಚೆಲ್ಲುತ್ತಾರೆ. ಹಳೆಯದೆಲ್ಲವನ್ನೂ 'ಹಳೆಯ ರಾಶಿ' ಎಂಬ ಒಂದು ಫೋಲ್ಡರಿಗೆ ಸರಿಸಿಬಿಡಿ. ಇಂದಿನಿಂದ ಬರುವ ಕಡತಗಳಿಗೆ ಹೊಸ ಕ್ರಮ ಅನ್ವಯವಾಗಲಿ. ರಾಶಿಯಿಂದ ಯಾವುದಾದರೂ ಬೇಕಾದಾಗ ಹುಡುಕಿ, ಸರಿಯಾದ ಹೆಸರಿಟ್ಟು, ಅದರ ಜಾಗಕ್ಕೆ ಸೇರಿಸಿ. ಆಗ ಬಳಕೆಯಲ್ಲಿರುವವೆಲ್ಲ ಒಂದೆರಡು ವರ್ಷದಲ್ಲಿ ತಾವಾಗಿ ಹೊರಬರುತ್ತವೆ. ಹೊಸದಾಗಿ ಬಂದವಕ್ಕೆ 'ವಿಂಗಡಿಸಬೇಕು' ಎಂಬ ಒಂದು ತಾತ್ಕಾಲಿಕ ಫೋಲ್ಡರಿರಲಿ; ಭಾನುವಾರ ಕಾಫಿಯೊಡನೆ ಹತ್ತು ನಿಮಿಷ ಕುಳಿತು ಅದನ್ನು ಬರಿದು ಮಾಡಿ.

ಹಳೆಯ ರಾಶಿಯನ್ನು ಮುಟ್ಟುವುದಾದರೆ ಮೊದಲು ಹೆತ್ತವರ ಆರೋಗ್ಯದ ದಾಖಲೆಗಳನ್ನು ಎತ್ತಿಕೊಳ್ಳಿ: ಇತ್ತೀಚಿನ ಇಸಿಜಿ, ಔಷಧಪಟ್ಟಿ, ಒಗ್ಗದ ಮದ್ದುಗಳ ಹೆಸರು, ಶಸ್ತ್ರಚಿಕಿತ್ಸೆಗಳ ವಿವರ. ಆ ಫೋಲ್ಡರನ್ನು ಊರಿನಲ್ಲಿರುವ ಒಡಹುಟ್ಟಿದವರೊಡನೆ ಹಂಚಿಕೊಂಡು, ಅವರ ಫೋನಿನಲ್ಲಿ ಅದು ತೆರೆಯುವುದೇ ಎಂದು ಒಮ್ಮೆ ಪರೀಕ್ಷಿಸಿ. ಕಳೆದ ವರ್ಷ ಅಪ್ಪನನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ತಮ್ಮ ನನಗೆ ಕರೆ ಮಾಡಿದ್ದು, ಹಳೆಯ ಇಸಿಜಿಯನ್ನು ವೈದ್ಯರಿಗೆ ತೋರಿಸಿ ಆದ ಮೇಲೆ.