ಚರ್ಮದಾಚೆಯ ಬೆಳಕು

ಅಂಗೈಯನ್ನು ದೀಪಕ್ಕೆ ಅಡ್ಡ ಹಿಡಿದಾಗ ಬೆರಳಂಚು ಕೆಂಪಾಗಿ ಹೊಳೆಯುವುದನ್ನು ನಾನು ಬಾಲ್ಯದಲ್ಲಿ ಬೆರಗಿನಿಂದ ಕಂಡಿದ್ದೆ. ಚರ್ಮವು ಬೆಳಕಿಗೆ ಪೂರ್ತಿ ಮುಚ್ಚಿದ ಬಾಗಿಲಲ್ಲ.

1958ರಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಮೊತ್ತಮೊದಲ ಪೇಸ್‌ಮೇಕರನ್ನು ಇರಿಸಿದರು. ರೂನೆ ಎಲ್ಮ್‌ಕ್ವಿಸ್ಟ್ ರಚಿಸಿದ ಆ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತಿತು. ಲಾರ್ಸನ್ನರು ಮಾತ್ರ 2001ರವರೆಗೆ ಬಾಳಿದರು. ಅಷ್ಟರಲ್ಲಿ 26 ಯಂತ್ರಗಳನ್ನು ಕಂಡಿದ್ದರು. ಬ್ಯಾಟರಿ ಬರಿದಾದರೆ ಮತ್ತೆ ಶಸ್ತ್ರಕ್ಕೆ ಮೈಯೊಡ್ಡುವುದು ಇಂಥ ರೋಗಿಗಳ ಪಾಡು.

2015ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸಂಶೋಧಕರು, ಹಂದಿಯೊಂದರ ಚರ್ಮದಡಿ ಸೌರಕೋಶಗಳನ್ನಿರಿಸಿ ಬ್ಯಾಟರಿಯಿಲ್ಲದೆಯೇ ಅದರ ಹೃದಯವನ್ನು ಮಿಡಿಸಿದ ಪ್ರಯೋಗವನ್ನು ಪ್ರಕಟಿಸಿದರು. ಇರುಳಿಗೆಂದು ಹಗಲಿನ ಶಕ್ತಿಯನ್ನು ಕೂಡಿಡಬೇಕೆಂಬುದು ನಿಜ. ಆದರೂ, ಕೇಳುಗರೇ, ಮೈಯನ್ನು ಸೀಳದೆ ಒಳಹೊಗಬಲ್ಲ ಬೆಳಕಿಗಿಂತ ಮೃದುವಾದ ಶಸ್ತ್ರವೈದ್ಯನನ್ನು ನಾನು ಕಾಣೆ.