ಸನ್ನಿಧಿಯ ರೊಟ್ಟಿ, ಪರಮಪ್ರಸಾದ

ಕ್ರಿಸ್ತರ ಶರೀರಕ್ಕೆ ಕನ್ನಡ ಕಥೋಲಿಕರು ಇಟ್ಟುಕೊಂಡಿರುವ ಹೆಸರು ಪರಮಪ್ರಸಾದ. ಗುಡಿಯ ಆರಾಧನೆಯಿಂದ ಬಂದ ಈ ಮಾತನ್ನು ನಾವು ಬಲಿಪೂಜೆಯಲ್ಲಿ ದಿನವೂ ಆಡುತ್ತೇವೆ. ಅದು ಹೊತ್ತಿರುವ ನೆನಪುಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಬಾಗಲವಾಡವೇ ಮೊದಲಾದ ಮಾನ್ವಿ, ದೇವದುರ್ಗ ಸೀಮೆಯ ಊರುಗಳಲ್ಲಿ ಸೇವೆಗೆ ನಿಲ್ಲುವ ಗುರುವಿಗಂತೂ ಈ ಗಮನ ಬೇಕೇಬೇಕು.

ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ದಲ್ಲಿ ಭೋಜನಕ್ಕೇ ಒಂದು ಸಂಧಿ ಮೀಸಲಾಗಿದೆ. ಅಲ್ಲಿ ಊಟವೂ ಪೂಜೆಯೇ. ಅದಕ್ಕೂ ಹಿಂದೆ, 12ನೆಯ ಶತಮಾನದ ಶರಣರು ಪ್ರಸಾದವನ್ನು ಜಾತಿಯ ಗೆರೆ ದಾಟಿಸಿ ಹಂಚಿಕೊಂಡರು. ವೀರಶೈವದ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಆದರೂ ಹೊಸ್ತಿಲಾಚೆ ನಿಂತು, ಮುಟ್ಟದಂತೆ ಮೇಲಿನಿಂದ ಹಾಕಿದ್ದಕ್ಕೆ ಬೊಗಸೆಯೊಡ್ಡಿದವರ ನೆನಪು ನಮ್ಮ ನಾಡಿನಲ್ಲಿ ಅಳಿದಿಲ್ಲ. ಆ ಮನೆತನಗಳವರೇ ಇಂದು ನಮ್ಮ ಬಲಿಪೀಠದ ಮುಂದೆ ಕೈ ಚಾಚುವಾಗ ಕೇಳುವುದೂ ಪ್ರಸಾದವೆಂಬ ಪದವನ್ನೇ.

ಯಾಜಕಕಾಂಡ 24ರ ಪ್ರಕಾರ ದೇವಸನ್ನಿಧಿಯಲ್ಲಿ ಹನ್ನೆರಡು ರೊಟ್ಟಿಗಳಿರಬೇಕು. ಸಬ್ಬತ್ತಿಗೊಮ್ಮೆ ಅವನ್ನು ಬದಲಿಸಬೇಕು. ತಿನ್ನುವ ಹಕ್ಕು ಆರೋನನ ವಂಶದವರಿಗೆ ಮಾತ್ರ. ಹಸಿದು ಬಂದ ದಾವೀದನಿಗೆ ನೋಬಿನ ಯಾಜಕ ಅದನ್ನೇ ತೆಗೆದುಕೊಟ್ಟ (1 ಸಮುವೇಲ 21). ಹೊಲದಲ್ಲಿ ತೆನೆ ಕಿತ್ತ ಶಿಷ್ಯರ ಪರವಾಗಿ ಯೇಸು ನೆನಪಿಸಿದ್ದು ಈ ಘಟನೆಯನ್ನು. (ಮಾರ್ಕನಲ್ಲಿ ಯಾಜಕನ ಹೆಸರು ಅಬಿಯಾತಾರ ಎಂದಿರುವ ಹಳೆಯ ತೊಡಕು ಇಲ್ಲಿ ಬೇಡ.) ಯೊವಾನ್ನ 6ರ ಬಾಲಕನ ಬಳಿ ಇದ್ದದ್ದೂ ಜವೆಗೋದಿಯ ರೊಟ್ಟಿ. ಅದು ಬಡವರ ಅನ್ನ, ರಾಯಚೂರು ಸೀಮೆಯ ಜೋಳದ ರೊಟ್ಟಿಯ ಹಾಗೆ.

ಇದನ್ನೆಲ್ಲ ಓದಿ ಬೋಧಿಸಿದ ಧರ್ಮಸಭೆಯೇ ದಕ್ಷಿಣ ಭಾರತದಲ್ಲಿ ಎಡವಿತು. ಮದುರೆ, ಮೈಸೂರು, ಕರ್ನಾಟಕ ಮಿಷನ್‌ಗಳ ಯೇಸುಸಭೆಯವರು ಮೇಲುಜಾತಿಯವರನ್ನು ಕಳೆದುಕೊಳ್ಳುವ ಭಯದಿಂದ, ಪರಯರ ಮನೆಯೊಳಗೆ ಹೋಗಿ ರೋಗಿಗಳಿಗೆ ಸಂಸ್ಕಾರ ನೀಡಲು ಹಿಂಜರಿದರು. ಹೋಗಲೇಬೇಕೆಂದು ರೋಮ್ ಪಟ್ಟುಹಿಡಿಯಿತು. ಆಗ ಅವರು ಸೂಚಿಸಿದ ಪರಿಹಾರವೆಂದರೆ, ಪರಯರಿಗಾಗಿಯೇ ಪ್ರತ್ಯೇಕ ಗುರುಗಳನ್ನು ನೇಮಿಸುವುದು. ಪೋಪ್ 14ನೆಯ ಬೆನೆಡಿಕ್ಟರು 1744ರ ತಮ್ಮ ಶಾಸನದಲ್ಲಿ ಅದಕ್ಕೆ ಸಮ್ಮತಿಯಿತ್ತರು. ರೋಗಿಗೆ ಪ್ರಸಾದ ದೊರೆಯಿತು, ಗೆರೆ ಮಾತ್ರ ಉಳಿಯಿತು. ಅಂದಿನ ಕಷ್ಟಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಅದು ದುಬಾರಿಯಾದ ರಾಜಿಯೆಂದೇ ನಮ್ಮ ಅಭಿಪ್ರಾಯ.

ಒಬ್ಬ ಹಸಿದಿರುವಾಗ ಇನ್ನೊಬ್ಬ ಮೊದಲೇ ಉಂಡು ಮುಗಿಸುತ್ತಿದ್ದ ಕೊರಿಂಥದ ಕೂಟವನ್ನು ಪ್ರಭುವಿನ ಭೋಜನವೆಂದು ಕರೆಯಲು ಪೌಲನು ಒಪ್ಪಲಿಲ್ಲ. 1744ರ ಶಾಸನವನ್ನು ನಾವು ತರಗತಿಯಲ್ಲಿ 'ಮಲಬಾರ್ ಆಚರಣೆಗಳ ವಿವಾದ' ಎಂಬ ತಲೆಬರಹದಡಿ ಕಲಿಸುತ್ತೇವೆ. ಕೊರಿಂಥಿಯರಿಗೆ ಬರೆದ ಆ ಅಧ್ಯಾಯದ ಪಕ್ಕದಲ್ಲಿಟ್ಟು ಓದಿಸುವುದು ಅಪರೂಪ.